ಡಿ ಅಂಡ್ ಡಿ ಸ್ಟಾರ್ಟರ್ ಸೆಟ್ (2014): ಕಥೆ ಚೆನ್ನಾಗಿದೆ, ಜೋಡಣೆ ನಿಮ್ಮ ಪಾಲಿಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಎಂಬ, ಪಾತ್ರವಾಗಿ ಮಾತಾಡುತ್ತ ಆಡುವ ಮೇಜಿನಾಟದ ಐದನೇ ಆವೃತ್ತಿ 2014ರಲ್ಲಿ ಬಂದಾಗ ಪ್ರಕಾಶಕ ಕಂಪನಿ ವಿಝರ್ಡ್ಸ್ ಆಫ್ ದ ಕೋಸ್ಟ್ ಮೊಟ್ಟಮೊದಲು ಅಂಗಡಿಗೆ ಇಳಿಸಿದ್ದು ಈ ತೆಳ್ಳನೆಯ ಪೆಟ್ಟಿಗೆಯನ್ನು. ಆಗ ಅಮೆರಿಕದಲ್ಲಿ ಬೆಲೆ 19.99 ಡಾಲರ್. ಒಳಗಿರುವುದು 64 ಪುಟಗಳ ಕಥೆಯ ಪುಸ್ತಕ ‘ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್’, 32 ಪುಟಗಳ ನಿಯಮಪುಸ್ತಕ, ಮೊದಲೇ ತಯಾರಾದ ಐದು ಕ್ಯಾರೆಕ್ಟರ್ ಶೀಟ್ (ಪಾತ್ರದ ವಿವರದ ಹಾಳೆ), ಆರು ದಾಳ. ಬೊಂಬೆಯಿಲ್ಲ, ಮೇಜಿಗೆ ಹಾಸುವ ನಕ್ಷೆಯಿಲ್ಲ, ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಬಳಸುವ ಮರೆಹಲಗೆಯೂ ಇಲ್ಲ. ಅದಾದ ಮೇಲೆ ಇದಕ್ಕಿಂತ ತುಂಬಿದ ಪೆಟ್ಟಿಗೆಗಳು ಬಂದಿವೆ. ಆದರೂ ಕಥೆಯೇ ಮುಖ್ಯವಾದ ಕ್ಯಾಂಪೇನನ್ನು (ಹಲವು ಸೆಷನ್ ಮುಂದುವರಿಯುವ ಆಟ) ಮೊದಲ ಸಲ ನಡೆಸುವವರಿಗೆ ನಾವು ಹೇಳುವುದು ಇದನ್ನೇ. ಒಂದು ಷರತ್ತು ಇದೆ: ಪುಸ್ತಕದಲ್ಲಿದ್ದದ್ದನ್ನು ಇದ್ದ ಹಾಗೆ ನಡೆಸಬೇಡಿ. ಮೊದಲ ಗುಹೆಯಲ್ಲಿ, ಮೂರನೇ ಭಾಗದಲ್ಲಿ, ಕೊನೆಯ ಖಳನ ಹತ್ತಿರ, ಹೀಗೆ ಮೂರು ಕಡೆ ಅದು ಕೈಕೊಡುತ್ತದೆ. ಮೂರಕ್ಕೂ ಪರಿಹಾರ ಪೆಟ್ಟಿಗೆಯ ಒಳಗೇ ಇದೆ, ಎತ್ತಿ ತೋರಿಸಿಲ್ಲ ಅಷ್ಟೇ.

ಇಲ್ಲಿಂದ ಮುಂದೆ ಕಥೆಯ ಗುಟ್ಟೆಲ್ಲ ಬಯಲಾಗುತ್ತದೆ. ಇದರಲ್ಲಿ ಆಟಗಾರರಾಗಿ ಕೂರುವ ಯೋಚನೆಯಿದ್ದವರು ಓದುವುದನ್ನು ನಿಲ್ಲಿಸಿ, ಡಿಎಂ ಆಗುವವರಿಗೆ ದಾಟಿಸಿ.

ಈ ಬಗೆಯ ಆಟ ಗೊತ್ತಿಲ್ಲದವರಿಗೆ ತಾಳಮದ್ದಳೆ ನೆನಪಿಸಿದರೆ ಸಾಕು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತು. ಪ್ರಸಂಗ ಭಾಗವತರ ಕೈಯಲ್ಲಿ, ಮಾತು ಅರ್ಥಧಾರಿಗಳದ್ದು. ಡಿಎಂ ಎಂದರೆ ಆ ಭಾಗವತರ ಜಾಗ. ವ್ಯತ್ಯಾಸವೆಂದರೆ ಇಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ಪ್ರಸಂಗದಲ್ಲಿ ಬರೆದಿರುವುದಿಲ್ಲ, 20 ಮುಖದ ದಾಳ ತೀರ್ಮಾನಿಸುತ್ತದೆ.

ಪೆಟ್ಟಿಗೆಯ ನಿಜವಾದ ಬಂಡವಾಳ

ಹೆಚ್ಚಿನವರು ಕಥೆಯ ಪುಸ್ತಕ ಓದಿ ಮುಗಿಸಿ, ಕ್ಯಾರೆಕ್ಟರ್ ಶೀಟುಗಳನ್ನು ಬರೀ ಅಂಕಿಸಂಖ್ಯೆಯ ಹಾಳೆ ಎಂದುಕೊಂಡು ಹಂಚಿಬಿಡುತ್ತಾರೆ. ಹಾಗೆ ಮಾಡಿದರೆ ಪೆಟ್ಟಿಗೆಯಲ್ಲಿರುವ ಒಳ್ಳೆಯ ಬರವಣಿಗೆಯೇ ವ್ಯರ್ಥ. ಐದು ಶೀಟಿನಲ್ಲೂ ಒಂದೊಂದು ಸ್ವಂತ ಗುರಿ ಅಚ್ಚಾಗಿದೆ, ಪ್ರತಿಯೊಂದೂ ಕಥೆಯ ಒಂದು ಜಾಗಕ್ಕೆ ಕೊಂಡಿ ಹಾಕುತ್ತದೆ. ಡ್ವಾರ್ಫ್ (ಕುಳ್ಳ ಜನಾಂಗ) ಕ್ಲೆರಿಕ್, ಅಂದರೆ ಗಾಯ ಮಾಯಿಸುವ ಪೂಜಾರಿ, ತಂಡಕ್ಕೆ ಕೆಲಸ ಕೊಡುವ ಗುಂಡ್ರನ್ ರಾಕ್‌ಸೀಕರನ ಸಂಬಂಧಿ. ಹಾಫ್ಲಿಂಗ್ (ಪುಟ್ಟ ಮೈಯ ಜನಾಂಗ) ರೋಗ್‌ಗೆ, ಅಂದರೆ ಕಳ್ಳನಿಗೆ, ರೆಡ್‌ಬ್ರ್ಯಾಂಡ್ ಪುಂಡರ ಮೇಲೆ ತೀರಿಸಿಕೊಳ್ಳಬೇಕಾದ ಹಳೇ ಲೆಕ್ಕವಿದೆ, ಚಿಕ್ಕಮ್ಮ ಕ್ವೆಲೀನ್ ಆಲ್ಡರ್‌ಲೀಫ್ ಇರುವುದು ಕಥೆ ನಡೆಯುವ ಊರು ಫ್ಯಾಂಡಲಿನ್‌ನಲ್ಲೇ. ಬಿಲ್ಲುಗಾರ ಫೈಟರ್‌ನ (ಯೋಧ) ಪೂರ್ವಜರ ಊರು ಥಂಡರ್‌ಟ್ರೀ, ಈಗ ಅಲ್ಲಿ ಹಸಿರು ಡ್ರ್ಯಾಗನ್ ಕೂತಿದೆ. ಎಲ್ಫ್ ವಿಝರ್ಡ್ (ಮಂತ್ರವಾದಿ) ಮನಸ್ಸಿನಲ್ಲಿರುವುದು ಕ್ರ್ಯಾಗ್‌ಮಾ ಕೋಟೆಯೊಳಗೆ ಗಾಬ್ಲಿನ್ ಎಂಬ ಪುಟ್ಟ ರಾಕ್ಷಸರು ಕೆಡಿಸಿಟ್ಟ ಪೂಜಾಸ್ಥಳ. ಸಿರಿವಂತ ಮನೆತನದ ಫೈಟರ್‌ಗೆ ಫ್ಯಾಂಡಲಿನ್‌ನಲ್ಲಿ ಮತ್ತೆ ಕಾನೂನು ತರುವ ಆಸೆ.

ಆದ್ದರಿಂದ ಶೀಟುಗಳನ್ನು ಮೊದಲ ಸೆಷನ್‌ಗೆ ಮುಂಚೆಯೇ ಕೊಟ್ಟು ಹಿಂಬದಿಯ ಕಥೆಯನ್ನು ಓದಿಸಿ. ಡಿಎಂ ತನ್ನ ಬಳಿ ಒಂದೇ ಹಾಳೆಯಲ್ಲಿ ಐದು ಸಾಲು ಬರೆದುಕೊಳ್ಳಲಿ: ಯಾರು, ಯಾವ ಗುರಿ, ಯಾವ ಜಾಗ, ಯಾವ ಸೆಷನ್‌ನಲ್ಲಿ ಅದನ್ನು ಮುಟ್ಟುತ್ತೇನೆ. ನಾಲ್ಕೇ ಜನ ಬಂದರೆ ಬಿಡಬೇಕಾದ್ದು ಇಬ್ಬರು ಫೈಟರ್‌ಗಳಲ್ಲಿ ಒಬ್ಬರನ್ನು. ಕ್ಲೆರಿಕ್ ಅನ್ನು ಬಿಟ್ಟರೆ ಮೊದಲ ಗುಹೆಯೇ ದಾಟುವುದಿಲ್ಲ.

ನಿಯಮಪುಸ್ತಕ ಚಿಕ್ಕದು, ಚೊಕ್ಕ. ಅದರಲ್ಲಿ ಹೊಸ ಪಾತ್ರ ಸೃಷ್ಟಿಸುವ ಅಧ್ಯಾಯ ಇಲ್ಲ. ‘ನನಗೆ ನನ್ನದೇ ಪಾತ್ರ ಬೇಕು’ ಎನ್ನುವವರಿಗೆ 2014ರ ಬೇಸಿಕ್ ರೂಲ್ಸ್ ಉಚಿತ ಪಿಡಿಎಫ್ ಸಾಕು, ಮನುಷ್ಯ, ಎಲ್ಫ್, ಡ್ವಾರ್ಫ್, ಹಾಫ್ಲಿಂಗ್ ಎಂಬ ನಾಲ್ಕು ಜನಾಂಗ, ಫೈಟರ್, ಕ್ಲೆರಿಕ್, ರೋಗ್, ವಿಝರ್ಡ್ ಎಂಬ ನಾಲ್ಕು ಕ್ಲಾಸ್ (ಪಾತ್ರದ ಕಸುಬು) ಅದರಲ್ಲಿವೆ. 2023ರ ಜನವರಿಯಿಂದ ಐದನೇ ಆವೃತ್ತಿಯ ಮೂಲ ನಿಯಮಗಳ ದಸ್ತಾವೇಜು, ಅಂದರೆ ಎಸ್‌ಆರ್‌ಡಿ 5.1, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲೂ ಸಿಗುತ್ತಿದೆ. ಹೀಗಾಗಿ ನಿಯಮದ ಭಾಗಗಳನ್ನು ಕನ್ನಡಕ್ಕೆ ತಂದು ಮೇಜಿನ ಮೇಲಿಡುವುದಕ್ಕೆ, ಹಂಚುವುದಕ್ಕೆ ಅಡ್ಡಿಯಿಲ್ಲ, ಮೂಲದ ಹೆಸರು ಹೇಳಬೇಕು ಅಷ್ಟೇ. 2024ರ ಪರಿಷ್ಕೃತ ನಿಯಮಪುಸ್ತಕ ಕೊಂಡವರು ಅದರ ಪಾತ್ರಗಳನ್ನೂ ಈ ಪೆಟ್ಟಿಗೆಯ ಶೀಟುಗಳನ್ನೂ ಒಂದೇ ಮೇಜಿನಲ್ಲಿ ಬೆರೆಸಬೇಡಿ. ಒಬ್ಬನ ಕೈಲಿ ಇರುವ ಸವಲತ್ತು ಇನ್ನೊಬ್ಬನಿಗೆ ಇಲ್ಲದೆ ಪ್ರತಿ ಸುತ್ತಿನಲ್ಲೂ ಪಂಚಾಯ್ತಿ ಶುರುವಾಗುತ್ತದೆ.

ದಾಳದ ವಿಷಯದಲ್ಲಿ ಮಾತ್ರ ಕಂಪನಿ ಜಿಪುಣತನ ತೋರಿಸಿದೆ. 4, 6, 8, 10, 12, 20 ಮುಖದ್ದು ಒಂದೊಂದೇ. ಐದು ಜನರ ನಡುವೆ ಒಂದೇ ಡಿ20 (20 ಮುಖದ ದಾಳ) ತಿರುಗುತ್ತಿದ್ದರೆ ಆಟ ತೆವಳುತ್ತದೆ. ಐದನೇ ಲೆವೆಲ್‌ನಲ್ಲಿ ಫೈರ್‌ಬಾಲ್ ಮಂತ್ರ ಹಾಕಿದರೆ ಎಂಟು ಡಿ6 ಬೇಕು, ಇರುವುದು ಒಂದು. ಏಳು ದಾಳಗಳ ಸೆಟ್ ಕನಿಷ್ಠ ಎರಡು ಕೊಳ್ಳಿ, ಡಿ6 ಮಾತ್ರ ಮನೆಯ ಲೂಡೋ ಡಬ್ಬಿಯಿಂದ ಸಾಲ ತಂದರೂ ನಡೆಯುತ್ತದೆ.

ಮೊದಲ ಭಾಗ: ಹೊಂಚು ಮತ್ತು ಗುಹೆ

ಕಥೆ ಶುರುವಾಗುವುದು ದಾರಿಯ ಮೇಲೆ. ನೆವರ್‌ವಿಂಟರ್‌ನಲ್ಲಿ ಗುಂಡ್ರನ್ ಎಂಬ ಡ್ವಾರ್ಫ್, ತಲಾ 10 ಚಿನ್ನದ ನಾಣ್ಯಕ್ಕೆ, ಒಂದು ಗಾಡಿ ಸಾಮಾನನ್ನು ಫ್ಯಾಂಡಲಿನ್‌ನ ಬಾರ್ಥನ್ ಅಂಗಡಿಗೆ ಮುಟ್ಟಿಸಲು ಹೇಳಿ, ಸಿಲ್ಡರ್ ಹಾಲ್‌ವಿಂಟರ್ ಎಂಬ ಯೋಧನ ಜೊತೆ ಮುಂದೆ ಹೋಗಿದ್ದಾನೆ. ಟ್ರೈಬೋರ್ ಹಾದಿಯಲ್ಲಿ ಎರಡು ಸತ್ತ ಕುದುರೆ, ಕಪ್ಪು ಗರಿಯ ಬಾಣ, ಪೊದೆಯೊಳಗೆ ನಾಲ್ಕು ಗಾಬ್ಲಿನ್.

ಇಲ್ಲೇ ಬರಹಗಾರರ ಮೊದಲ ತಪ್ಪು. ಇಡೀ ಕ್ಯಾಂಪೇನ್ ಸೆರೆಸಿಕ್ಕ ಗುಂಡ್ರನ್‌ನನ್ನು ಬಿಡಿಸುವುದರ ಸುತ್ತ ಇದೆ, ಆಟಗಾರರು ಅವನನ್ನು ನೋಡಿಯೇ ಇಲ್ಲ. ನೋಡದವನಿಗಾಗಿ ಯಾರೂ ಪ್ರಾಣ ಕೊಡುವುದಿಲ್ಲ. ನೆವರ್‌ವಿಂಟರ್‌ನ ಒಂದು ಛತ್ರದಲ್ಲಿ 15 ನಿಮಿಷದ ದೃಶ್ಯ ಸೇರಿಸಿ. ಗುಂಡ್ರನ್ ಊಟ ಹಾಕಿಸಲಿ, ದೊಡ್ಡದೇನೋ (ಕಳೆದುಹೋದ ಗಣಿ) ಸಿಕ್ಕಿದೆ ಎಂದು ಬಾಯಿಬಿಡಲು ಹೋಗಿ ತಡೆದುಕೊಳ್ಳಲಿ, ಅರ್ಧ ಸಂಬಳ ಮುಂಗಡ ಕೊಡಲಿ, ಕ್ಲೆರಿಕ್‌ನನ್ನು ಮನೆಯ ಹೆಸರಿನಿಂದ ಕರೆಯಲಿ. ಈ ಒಂದು ದೃಶ್ಯದಿಂದ ಮುಂದಿನ ಹತ್ತು ಸೆಷನ್‌ಗೆ ಕಾರಣ ಸಿಗುತ್ತದೆ.

ಹೊಂಚಿನ ಲೆಕ್ಕ ನೋಡಿ. ಗಾಬ್ಲಿನ್‌ಗೆ ಆರ್ಮರ್ ಕ್ಲಾಸ್ (ಪೆಟ್ಟು ತಗುಲಲು ಎದುರಾಳಿಯ ಡಿ20 ಮುಟ್ಟಬೇಕಾದ ಅಂಕಿ) 15, ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳುತ್ತದೆ ಎಂಬ ಅಂಕಿ) 7, ಹೊಡೆಯಲು ಡಿ20ಗೆ +4, ಪೆಟ್ಟು ಒಂದು ಡಿ6 + 2. ಸರಾಸರಿ ಐದೂವರೆ. ಮೊದಲ ಲೆವೆಲ್ ವಿಝರ್ಡ್‌ಗೆ ಇರುವುದು ಸುಮಾರು 8. ಎರಡು ಬಾಣ ತಗುಲಿದರೆ ಅವನು ನೆಲಕ್ಕೆ. ಸಾಲದ್ದಕ್ಕೆ ಗಾಬ್ಲಿನ್ ಹೊಡೆದ ಮೇಲೆ ಬೋನಸ್ ಆಕ್ಷನ್‌ನಲ್ಲಿ (ಅದೇ ಸರದಿಯ ಹೆಚ್ಚುವರಿ ಕೆಲಸ) ಮತ್ತೆ ಅಡಗಬಲ್ಲದು. ಇದನ್ನು ಪ್ರತಿ ಸುತ್ತಿನಲ್ಲೂ ಬಳಸಿದರೆ ಹೊಸಬರ ತಂಡ ಇಲ್ಲೇ ಮುಗಿಯುತ್ತದೆ. ಎರಡು ಗಾಬ್ಲಿನ್ ಕತ್ತಿ ಹಿಡಿದು ಮುನ್ನುಗ್ಗಲಿ, ಎರಡು ದೂರದಿಂದ ಬಾಣ ಬಿಡಲಿ, ಅಡಗುವುದು ಆ ಎರಡು ಮಾತ್ರ. ಎಲ್ಲರೂ ಬಿದ್ದರೂ ಕಥೆ ನಿಲ್ಲಬೇಕಿಲ್ಲ: ಗಾಬ್ಲಿನ್‌ಗಳು ಕೊಲ್ಲದೆ ದೋಚಿಕೊಂಡು ಹೋಗುತ್ತವೆ ಎಂದು ಪುಸ್ತಕವೇ ದಾರಿ ಕೊಟ್ಟಿದೆ. ಇದನ್ನು ಓದದೆ ‘ಎಲ್ಲರೂ ಸತ್ತಿರಿ’ ಎಂದು ಮೊದಲ ಸಂಜೆಯೇ ಪುಸ್ತಕ ಮುಚ್ಚುವ ಡಿಎಂಗಳಿದ್ದಾರೆ.

ಗುಹೆಯಲ್ಲಿ ಕ್ಲಾರ್ಗ್ ಎಂಬ ಬಗ್‌ಬೇರ್ (ಗಾಬ್ಲಿನ್ ಬಳಗದ ದೊಡ್ಡ ಮೈಯವನು) ಇದ್ದಾನೆ. ಹಿಟ್ ಪಾಯಿಂಟ್ 27, ಪೆಟ್ಟು ಎರಡು ಡಿ8 + 2, ಸರಾಸರಿ 11, ಹೆಚ್ಚೆಂದರೆ 18. ಐದನೇ ಆವೃತ್ತಿಯಲ್ಲಿ ಹಿಟ್ ಪಾಯಿಂಟ್ ಸೊನ್ನೆಯಾದ ಮೇಲೆ ಉಳಿದ ಪೆಟ್ಟು ಪಾತ್ರದ ಒಟ್ಟು ಹಿಟ್ ಪಾಯಿಂಟ್‌ನಷ್ಟಾದರೆ ಡೆತ್ ಸೇವ್ (ಬದುಕುಳಿಯಲು ದಾಳ ಹಾಕುವ ಅವಕಾಶ) ಕೂಡ ಇಲ್ಲ, ನೇರ ಸಾವು. ಅಂದರೆ 8 ಇರುವ ವಿಝರ್ಡ್‌ಗೆ 16ರ ಒಂದೇ ಪೆಟ್ಟು ಸಾಕು. ಇದು ಅಪರೂಪವಲ್ಲ, ಕ್ರಿಟಿಕಲ್ (ಡಿ20ರಲ್ಲಿ 20 ಬಂದು ಪೆಟ್ಟಿನ ದಾಳ ಎರಡರಷ್ಟಾಗುವುದು) ಬಿದ್ದರೆ ಸರಾಸರಿಯೇ 20. ಪರಿಹಾರ ಯೀಮಿಕ್ ಎಂಬ ಗಾಬ್ಲಿನ್‌ನಲ್ಲಿದೆ. ಅವನು ಸಿಲ್ಡರ್‌ನನ್ನು ಒತ್ತೆಯಿಟ್ಟುಕೊಂಡು, ಕ್ಲಾರ್ಗ್‌ನನ್ನು ಕೊಂದರೆ ಬಿಡುತ್ತೇನೆ ಎನ್ನುತ್ತಾನೆ, ಏಕೆಂದರೆ ನಾಯಕನ ಕುರ್ಚಿ ಅವನಿಗೆ ಬೇಕು. ಆಟಗಾರರು ಮಾತಿಗೆ ಇಳಿದರೆ ಯೀಮಿಕ್ ಕ್ಲಾರ್ಗ್‌ನ ಜಾಗ, ಅವನ ತೋಳ, ಬೆಂಕಿಗುಂಡಿ ಎಲ್ಲ ತಿಳಿಸಲಿ. ಆಗ ಹೊಂಚು ಆಟಗಾರರದ್ದಾಗುತ್ತದೆ. ಯೀಮಿಕ್ ಮಾತು ತಪ್ಪುವುದು ಪುಸ್ತಕದಲ್ಲೇ ಇದೆ, ಅದು ಇರಲಿ. ಮೊದಲ ದಿನವೇ ಒಂದು ಒಪ್ಪಂದ, ಒಂದು ದ್ರೋಹ ಸಿಕ್ಕರೆ ಕಥೆಗೆ ಬೇಕಾದ ಬಿಸಿ ಬಂದಂತೆಯೇ.

ಎರಡನೇ ಭಾಗ: ಊರು

ಫ್ಯಾಂಡಲಿನ್ ಈ ಪೆಟ್ಟಿಗೆಯ ಅತ್ಯುತ್ತಮ ಭಾಗ. ಸ್ಟೋನ್‌ಹಿಲ್ ಛತ್ರ, ಸ್ಲೀಪಿಂಗ್ ಜೈಂಟ್ ಎಂಬ ಕೊಳಕು ಹೆಂಡದಂಗಡಿ, ಕೆಂಪು ಮೇಲಂಗಿಯ ರೆಡ್‌ಬ್ರ್ಯಾಂಡ್ ಪುಂಡರು, ಅವರಿಗೆ ಹೆದರಿ ಕೂತ ಊರ ಮುಖ್ಯಸ್ಥ ಹಾರ್ಬಿನ್ ವೆಸ್ಟರ್. ಸಿಲ್ಡರ್ ಹುಡುಕುತ್ತಿರುವ ಕಾಣೆಯಾದ ಮಂತ್ರವಾದಿ ಇಯಾರ್ನೋನೇ ಪುಂಡರ ನಾಯಕ ಗ್ಲಾಸ್‌ಸ್ಟಾಫ್ ಎಂಬ ತಿರುವು ಹೊಸಬರ ಮೇಜಿನಲ್ಲಿ ಪ್ರತಿ ಸಲವೂ ಕೆಲಸ ಮಾಡುತ್ತದೆ. ಆ ಹುಡುಕಾಟದ ಮಾತನ್ನು ಸಿಲ್ಡರ್ ಬಾಯಿಂದ ಕನಿಷ್ಠ ಎರಡು ಸಲ ಆಡಿಸಿರಬೇಕು, ಇಲ್ಲವಾದರೆ ತಿರುವು ಬಂದಾಗ ‘ಇಯಾರ್ನೋ ಯಾರು?’ ಎಂಬ ಪ್ರಶ್ನೆ ಬರುತ್ತದೆ.

ತೊಂದರೆ ಏನೆಂದರೆ ಹತ್ತಕ್ಕೂ ಹೆಚ್ಚು ಹೆಸರು ಒಂದೇ ಸಂಜೆಯಲ್ಲಿ ಮೇಜಿಗೆ ಬೀಳುತ್ತವೆ. ಎಲ್ಲರನ್ನೂ ಪರಿಚಯಿಸಲು ಹೋಗಬೇಡಿ. ಮೊದಲ ದಿನ ನಾಲ್ವರು ಸಾಕು: ಸಾಮಾನು ಇಳಿಸಿಕೊಳ್ಳುವ ಬಾರ್ಥನ್, ಛತ್ರದ ಟೋಬ್ಲೆನ್, ಕ್ವೆಲೀನ್ ಮತ್ತು ಅವಳ ಮಗ ಕಾರ್ಪ್. ಟ್ರೆಸೆಂಡಾರ್ ಬಂಗಲೆಯ ಕೆಳಗಿನ ಅಡಗುತಾಣಕ್ಕೆ ಕಾಡಿನಿಂದ ಸುರಂಗ ಇರುವುದು ಕಾರ್ಪ್‌ಗೆ ಗೊತ್ತು, ಮುಂದಿನ ಕಥೆಗೆ ಅದು ಸಾಕು. ಸಿಸ್ಟರ್ ಗರೇಲ್, ಡರನ್, ಹಾಲಿಯಾ, ಲಿನೀನ್ ಎರಡನೇ ಸೆಷನ್‌ಗೆ ಇರಲಿ.

ಕನ್ನಡದಲ್ಲಿ ಆಡಿಸುವವರಿಗೆ ಇಲ್ಲಿ ಇಂಗ್ಲಿಷ್ ಮೇಜಿಗಿಲ್ಲದ ಅನುಕೂಲವೊಂದಿದೆ. ಯಾರಿಗೆ ಏಕವಚನ, ಯಾರಿಗೆ ಬಹುವಚನ ಎಂಬುದರಲ್ಲೇ ಪಾತ್ರ ನಿಂತುಬಿಡುತ್ತದೆ. ರೆಡ್‌ಬ್ರ್ಯಾಂಡ್‌ಗಳು ‘ಏಯ್, ಯಾವೂರಿಂದ ಬಂದ್ರೋ?’ ಎನ್ನಲಿ, ಹಾರ್ಬಿನ್ ಕತ್ತಿ ಕಂಡ ಕೂಡಲೇ ‘ಬನ್ನಿ ಸ್ವಾಮಿ, ಕೂತ್ಕೊಳ್ಳಿ’ ಎನ್ನಲಿ, ಹಾಲಿಯಾ ಎಲ್ಲರಿಗೂ ‘ನೀವು’ ಅನ್ನುತ್ತಲೇ ಕೊಲೆಯ ಸುಪಾರಿ ಕೊಡಲಿ. ದನಿ ಬದಲಿಸುವ ನಟನೆ ಬರದಿದ್ದರೂ ನಡೆಯುತ್ತದೆ. ಪುಸ್ತಕದಲ್ಲಿ ಚೌಕಟ್ಟಿನೊಳಗಿರುವ ವರ್ಣನೆಯನ್ನು ಓದಿ ಹೇಳಬೇಡಿ, ಮನೆಯಲ್ಲೇ ಓದಿಕೊಂಡು ಕಂಡದ್ದು, ಕೇಳಿದ್ದು, ಮೂಗಿಗೆ ಬಡಿದದ್ದು ಎಂದು ಮೂರು ಮಾತಿನಲ್ಲಿ ಹೇಳಿ. ಸೇವಿಂಗ್ ಥ್ರೋ, ಇನಿಷಿಯೇಟಿವ್, ಆರ್ಮರ್ ಕ್ಲಾಸ್ ಎಂಬ ನಿಯಮದ ಪದಗಳನ್ನೆಲ್ಲ ಹಾಗೇ ಬಿಡಿ. ಶೀಟಿನಲ್ಲಿ ಇರುವುದೇ ಆ ಹೆಸರು.

ಅಡಗುತಾಣದಲ್ಲಿ ನಾಥಿಕ್ ಎಂಬ ಒಂಟಿಕಣ್ಣಿನ ಪ್ರಾಣಿ ಇದೆ, ಮನಸ್ಸಿನೊಳಗೆ ಮಾತಾಡುತ್ತದೆ, ಗುಟ್ಟು ಕದಿಯುತ್ತದೆ. ಇದನ್ನು ಕಾದಾಟ ಮಾಡಿ ಮುಗಿಸಿದರೆ ಈ ಪೆಟ್ಟಿಗೆಯ ಅತಿ ಒಳ್ಳೆಯ ಮಾತುಕತೆಯನ್ನೇ ಕಳೆದುಕೊಂಡ ಹಾಗೆ. ಆಟಗಾರರ ಶೀಟಿನಿಂದ ಒಂದು ಗುಟ್ಟು ಎತ್ತಿ ಅದರ ಬಾಯಲ್ಲಿ ಆಡಿಸಿ, ಆಹಾರಕ್ಕೆ ಬದಲಾಗಿ ಗ್ಲಾಸ್‌ಸ್ಟಾಫ್ ವಿಷಯ ಮಾರಲಿ. ಒಂದು ಎಚ್ಚರ: ಇದೇ ತಾಣದಲ್ಲಿ ಸೆರೆಯಾದ ತಾಯಿ ಮಕ್ಕಳಿದ್ದಾರೆ, ಆ ಮನೆಯ ಯಜಮಾನನ ಹೆಣವೂ ಇದೆ. ಮುಂದೆ ಜೇಡಗಳೂ ಬರುತ್ತವೆ. ಮಕ್ಕಳ ಮೇಲಿನ ಹಿಂಸೆ, ಹೆಣ, ಜೇಡ ಇವುಗಳಲ್ಲಿ ಯಾವುದು ಬೇಡ ಎಂದು ಆಟ ಶುರುವಾಗುವ ಮುನ್ನವೇ ಎಲ್ಲರನ್ನೂ ಕೇಳಿ, ಬೇಡವಾದದ್ದನ್ನು ತೆಗೆದುಹಾಕಿ. ಕಥೆಗೆ ಏನೂ ನಷ್ಟವಿಲ್ಲ.

ಮೂರನೇ ಭಾಗ: ಇಲ್ಲಿ ಕಥೆ ಚದುರುತ್ತದೆ

ಓಲ್ಡ್ ಔಲ್ ವೆಲ್, ಕೋನಿಬೆರ್ರಿ, ವೈವರ್ನ್ ಟೋರ್, ಥಂಡರ್‌ಟ್ರೀ, ಕ್ರ್ಯಾಗ್‌ಮಾ ಕೋಟೆ. ನಕ್ಷೆ ತೆರೆದು ‘ಎಲ್ಲಿ ಬೇಕಾದರೂ ಹೋಗಿ’ ಎನ್ನುವ ಭಾಗ. ಕಾಗದದ ಮೇಲೆ ಸ್ವಾತಂತ್ರ್ಯ, ಮೇಜಿನ ಮೇಲೆ ಗೊಂದಲ. ಗುಂಡ್ರನ್ ಕೋಟೆಯಲ್ಲಿ ಸೆರೆಯಲ್ಲಿದ್ದಾನೆ, ಇತ್ತ ನಾಯಕರು ಬನ್‌ಶೀಗೆ (ಹೆಣ್ಣು ಪ್ರೇತ) ಬೆಳ್ಳಿ ಬಾಚಣಿಗೆ ಕೊಡಲು ಹೊರಟಿದ್ದಾರೆ! ಅವಸರ ಎಂಬುದೇ ಇಲ್ಲ.

ಅವಸರ ತರಲು ಖಳನಿಗೆ ಒಂದು ದಿನಚರಿ ಬೇಕು. ತಂಡ ಫ್ಯಾಂಡಲಿನ್ ಮುಟ್ಟಿದ್ದು ಒಂದನೇ ದಿನ ಎಂದಿಟ್ಟುಕೊಳ್ಳಿ. ಮೂರನೇ ದಿನ ಪುಂಡರು ಆಟಗಾರರಿಗೆ ಆಪ್ತರಾದ ಒಬ್ಬರ ಮನೆಗೆ ನುಗ್ಗುತ್ತಾರೆ. ಆರನೇ ದಿನ ಕೋಟೆಯಲ್ಲಿ ಗುಂಡ್ರನ್ ಬಾಯಿಬಿಡುತ್ತಾನೆ. ಒಂಬತ್ತನೇ ದಿನ ಗಣಿಯ ನಕ್ಷೆ ಖಳ ಬ್ಲ್ಯಾಕ್ ಸ್ಪೈಡರ್ ಕೈಸೇರುತ್ತದೆ. ಹನ್ನೆರಡನೇ ದಿನ ಅವನು ಗಣಿಯೊಳಗಿನ ಮಾಯದ ಕುಲುಮೆ ಫೋರ್ಜ್ ಆಫ್ ಸ್ಪೆಲ್ಸ್ ಬಾಗಿಲಲ್ಲಿ. ಪ್ರಯಾಣಕ್ಕೆ, ಲಾಂಗ್ ರೆಸ್ಟ್‌ಗೆ (ರಾತ್ರಿಯ ವಿಶ್ರಾಂತಿ) ದಿನ ಕಳೆಯುತ್ತ ಬನ್ನಿ, ಪ್ರತಿ ಮೆಟ್ಟಿಲು ಊರಿನಲ್ಲಿ ಸುದ್ದಿಯಾಗಿ ಆಟಗಾರರ ಕಿವಿಗೆ ಬೀಳಬೇಕು. ಗೊತ್ತೇ ಆಗದ ಗಡುವು ಇದ್ದೂ ಪ್ರಯೋಜನವಿಲ್ಲ.

ಎರಡನೆಯದು, ಕೋಟೆಯ ದಾರಿ ಒಬ್ಬನ ಬಳಿಯೇ ಇರಬಾರದು. ಸೆರೆಸಿಕ್ಕ ಗಾಬ್ಲಿನ್, ಬನ್‌ಶೀ ಅಗಾಥಾ, ಥಂಡರ್‌ಟ್ರೀಯ ಡ್ರೂಯಿಡ್ (ಪ್ರಕೃತಿಯ ಮಂತ್ರವಾದಿ) ರೀಡಾತ್, ಈ ಮೂವರಲ್ಲಿ ಯಾರನ್ನು ಮುಟ್ಟಿದರೂ ದಾರಿ ಸಿಗುವಂತಿರಲಿ. ಹೊಸ ಡಿಎಂಗಳು ಗುಟ್ಟನ್ನು ಕಾಪಾಡಿ ಕಾಪಾಡಿ ಆಟವನ್ನೇ ನಿಲ್ಲಿಸಿಬಿಡುತ್ತಾರೆ.

ಇನ್ನು ವೆನಮ್‌ಫ್ಯಾಂಗ್. ಈ ಹಸಿರು ಡ್ರ್ಯಾಗನ್‌ಗೆ ಹಿಟ್ ಪಾಯಿಂಟ್ 136, ಆರ್ಮರ್ ಕ್ಲಾಸ್ 18, ವಿಷದ ಉಸಿರು 12 ಡಿ6, ಅಂದರೆ ಸರಾಸರಿ 42, ಸೇವ್‌ಗೆ, ಅಂದರೆ ಪೂರ್ತಿ ಪೆಟ್ಟು ತಪ್ಪಿಸಿಕೊಳ್ಳಲು, ದಾಳದಲ್ಲಿ ಮುಟ್ಟಬೇಕಾದ್ದು 14. ಮೂರನೇ ಲೆವೆಲ್ ವಿಝರ್ಡ್‌ಗೆ ಸುಮಾರು 20 ಹಿಟ್ ಪಾಯಿಂಟ್. ಸೇವ್ ಗೆದ್ದರೂ ಅರ್ಧ ಪೆಟ್ಟು 21, ಅವನು ನೆಲಕ್ಕೆ. ಸೋತರೆ ನೇರ ಸಾವು, ಮೇಲೆ ಹೇಳಿದ ನಿಯಮದ ಪ್ರಕಾರವೇ. ಫೈಟರ್‌ಗಳೂ ಒಂದೇ ಉಸಿರಿಗೆ ಬೀಳುತ್ತಾರೆ. ಆದ್ದರಿಂದ ಇದು ಕೊಲ್ಲುವ ಡ್ರ್ಯಾಗನ್ ಅಲ್ಲ, ಓಡಿಸುವ ಡ್ರ್ಯಾಗನ್. ರೀಡಾತ್ ಇದನ್ನು ಬಾಯಿಬಿಟ್ಟು ಹೇಳಲಿ. ಆಟಗಾರರು ಒತ್ತಾಗಿ ನಿಲ್ಲಬಾರದು, ಉಸಿರು 30 ಅಡಿಯ ಶಂಕುವಿನಾಕಾರದಲ್ಲಿ ಹರಡುತ್ತದೆ ಎಂಬುದನ್ನು ಕರಟಿದ ಗಿಡ, ಸತ್ತ ಹಕ್ಕಿಗಳ ಗುರುತಿನಿಂದ ಮುಂಚೆಯೇ ತೋರಿಸಿ. ಅರ್ಧ ಹಿಟ್ ಪಾಯಿಂಟ್ ಹೋದ ಮೇಲೆ ಅದು ಹಾರಿಹೋಗಲಿ. ಬಿಲ್ಲುಗಾರನ ಗುರಿ ಕೂಡ ಓಡಿಸುವುದೇ.

ನಾಲ್ಕನೇ ಭಾಗ ದೊಡ್ಡ ಗಣಿ, ವೇವ್ ಎಕೋ ಕೇವ್. ಕೋಣೆಗಳು ಜಾಸ್ತಿ, ಕೆಲವು ಬರೀ ಭರ್ತಿ. ಮೂರು ನಾಲ್ಕು ಕಾದಾಟ ತೆಗೆದುಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ನಕ್ಷೆಯ ಒಂದು ಚೌಕ 10 ಅಡಿ, 5 ಅಲ್ಲ. ಇದನ್ನು ಗಮನಿಸದೆ ಚಾರ್ಟ್ ಪೇಪರ್ ಮೇಲೆ ಬರೆದರೆ ಇಡೀ ಗಣಿ ಅರ್ಧಕ್ಕೆ ಕುಗ್ಗುತ್ತದೆ. ಪುಸ್ತಕದ ನಕ್ಷೆಗಳಲ್ಲಿ ಕೋಣೆಯ ಸಂಖ್ಯೆ, ಗುಪ್ತ ಬಾಗಿಲು ಎಲ್ಲ ಗುರುತಾಗಿರುವುದರಿಂದ ಆಟಗಾರರಿಗೆ ತೋರಿಸುವಂತಿಲ್ಲ, ಬೇರೆ ಬರೆದುಕೊಳ್ಳಲೇಬೇಕು.

ಕೊನೆಗೆ ಖಳ. ನೆಝ್ನಾರ್ ಎಂಬ ಬ್ಲ್ಯಾಕ್ ಸ್ಪೈಡರ್‌ಗೆ ಹಿಟ್ ಪಾಯಿಂಟ್ 27. ಹೌದು, ಮೊದಲ ಗುಹೆಯ ಕ್ಲಾರ್ಗ್‌ಗೆ ಇದ್ದಷ್ಟೇ. ನಾಲ್ಕನೇ ಲೆವೆಲ್ ತಂಡದ ಮುಂದೆ ಅವನು ಒಂದು ಸುತ್ತು ಬಾಳಿದರೆ ಹೆಚ್ಚು. ಹೆಸರು ಮೊದಲ ಸೆಷನ್‌ನಿಂದ ಕೇಳಿಬರುತ್ತದೆ, ಮುಖ ಕೊನೆಯ ಕೋಣೆಯಲ್ಲೇ ಮೊದಲು ಕಾಣುವುದು, ಕಂಡ ಕೂಡಲೇ ಸಾಯುತ್ತಾನೆ. ಹೀಗೆ ಬರೆದದ್ದು ಸೋಮಾರಿತನ ಎನ್ನದೆ ವಿಧಿಯಿಲ್ಲ.

ರಿಪೇರಿ ಹೀಗೆ: ಹಿಟ್ ಪಾಯಿಂಟ್ 50ಕ್ಕೆ ಏರಿಸಿ. ಮೇಜ್ ಆರ್ಮರ್ ಎಂಬ ರಕ್ಷಾಮಂತ್ರ ಮೊದಲೇ ಹಾಕಿಕೊಂಡಿರಲಿ, ಆಗ ಆರ್ಮರ್ ಕ್ಲಾಸ್ 11ರಿಂದ 14. ಅವನ ಜೇಡದಂಡದಿಂದ ವೆಬ್ (ಬಲೆ) ಎರಚಿ ಮೊದಲ ಸುತ್ತಿನಲ್ಲೇ ಫೈಟರ್‌ಗಳನ್ನು ಕಟ್ಟಿಹಾಕಲಿ, ಎರಡನೇ ಸುತ್ತಿನಲ್ಲಿ ಕತ್ತಲು ಕವಿಯಲಿ, ದೈತ್ಯ ಜೇಡಗಳು ಚಾವಣಿಯಿಂದ ಇಳಿಯಲಿ. ಇದಕ್ಕಿಂತ ಮುಖ್ಯ, ಅವನ ಕೈಕೆಳಗಿನ ಡಾಪಲ್‌ಗ್ಯಾಂಗರ್‌ನನ್ನು (ಬೇರೆಯವರ ರೂಪ ತಳೆಯಬಲ್ಲ ಜೀವಿ) ಪುಸ್ತಕ ಕೋಟೆಯವರೆಗೆ ಬಚ್ಚಿಟ್ಟಿದೆ. ಅದನ್ನು ಎರಡನೇ ಭಾಗದಲ್ಲೇ ಫ್ಯಾಂಡಲಿನ್‌ಗೆ ಕರೆತನ್ನಿ. ಛತ್ರದಲ್ಲಿ ಆಟಗಾರರ ಜೊತೆ ಕುಡಿದು, ಅವರ ಗುರಿ ಕೇಳಿಕೊಂಡು ಹೋದ ಒಬ್ಬ ವ್ಯಾಪಾರಿ, ಕೋಟೆಯಲ್ಲಿ ಮುಖ ಬದಲಿಸಿ ನಿಂತಾಗ ಬ್ಲ್ಯಾಕ್ ಸ್ಪೈಡರ್‌ಗೆ ಇಷ್ಟು ದಿನ ಎಲ್ಲ ಹೇಗೆ ಗೊತ್ತಾಗುತ್ತಿತ್ತು ಎಂಬುದು ತಾನಾಗೇ ಬಗೆಹರಿಯುತ್ತದೆ.

ಲೆವೆಲ್ ಏರಿಸಲು ಅನುಭವದ ಅಂಕಿ ಕೂಡುವ ಗೋಜು ಬೇಡ. ಮೊದಲ ಗುಹೆ ಮುಗಿದರೆ ಎರಡು, ರೆಡ್‌ಬ್ರ್ಯಾಂಡ್ ತಾಣ ಮುಗಿದರೆ ಮೂರು, ಕೋಟೆ ಮುಗಿದರೆ ನಾಲ್ಕು, ಗಣಿಯ ಕೊನೆಗೆ ಐದು. ಅಂಕಿ ಕೂಡಿಸುತ್ತ ಹೋದರೆ ಆಟಗಾರರು ಮಾತಾಡಿ ಮುಗಿಸಬಹುದಾದ ಕಡೆಯೂ ಕತ್ತಿ ಎಳೆಯುತ್ತಾರೆ. ಮೂರು ಗಂಟೆಯ ಸೆಷನ್ ಲೆಕ್ಕದಲ್ಲಿ ಇಡೀ ಕಥೆಗೆ ಹತ್ತು ಹನ್ನೆರಡು ಸಲ ಕೂರಬೇಕಾಗುತ್ತದೆ.

ಕೊಳ್ಳುವ ಮುನ್ನ

2022ರಲ್ಲಿ ಇದರ ಜಾಗಕ್ಕೆ ‘ಡ್ರ್ಯಾಗನ್ಸ್ ಆಫ್ ಸ್ಟಾರ್ಮ್‌ರೆಕ್ ಐಲ್’ ಎಂಬ ಹೊಸ ಸ್ಟಾರ್ಟರ್ ಸೆಟ್ ಬಂತು. ಅದು ಮೂರನೇ ಲೆವೆಲ್‌ಗೇ ಮುಗಿಯುತ್ತದೆ, ನಿಯಮ ಕಲಿಯಲು ಚೆನ್ನ, ಕ್ಯಾಂಪೇನ್ ಎನ್ನುವಷ್ಟು ಉದ್ದವಿಲ್ಲ. 2019ರ ಎಸೆನ್ಷಿಯಲ್ಸ್ ಕಿಟ್‌ನಲ್ಲಿ ಹನ್ನೊಂದು ದಾಳ, ಮರೆಹಲಗೆ, ಕಾರ್ಡುಗಳು, ಪಾತ್ರ ಸೃಷ್ಟಿಸುವ ನಿಯಮ ಎಲ್ಲ ಇವೆ, ಅದೂ ಫ್ಯಾಂಡಲಿನ್‌ನಲ್ಲೇ ನಡೆಯುತ್ತದೆ. ಅದರ ಕಥೆ ಮಾತ್ರ ಊರ ಮುಂದಿನ ಹಲಗೆಗೆ ಅಂಟಿಸಿದ ಬಿಡಿ ಕೆಲಸಗಳ ಪಟ್ಟಿ. ಒಬ್ಬನೇ ಆಟಗಾರನಿದ್ದರೆ ಅದನ್ನೇ ಕೊಳ್ಳಿ, ಜೊತೆಗಾರ ಪಾತ್ರದ ನಿಯಮ ಅದರಲ್ಲಿದೆ. ಎರಡೂ ಪೆಟ್ಟಿಗೆ ಇರುವವರು ಎಸೆನ್ಷಿಯಲ್ಸ್‌ನ ಸಾಮಾನು ಮೇಜಿಗಿಟ್ಟು ಈ ಪೆಟ್ಟಿಗೆಯ ಕಥೆ ಆಡಿಸುವುದು ಒಳ್ಳೆಯದು.

2023ರ ‘ಫ್ಯಾಂಡೆಲ್ವರ್ ಅಂಡ್ ಬಿಲೋ’ ಗಟ್ಟಿರಟ್ಟಿನ ಪುಸ್ತಕದಲ್ಲಿ ಇದೇ ಕಥೆ ತಿದ್ದುಪಡಿಯಾಗಿ ಬಂದಿದೆ, 12ನೇ ಲೆವೆಲ್‌ವರೆಗೆ ಎಳೆದಿದ್ದಾರೆ. ಆದರೆ ಅದು ಬರೀ ಪುಸ್ತಕ. ದಾಳ, ನಿಯಮ, ಗುರಿ ಬರೆದ ಆ ಐದು ಶೀಟುಗಳು ಅದರ ಜೊತೆ ಬರುವುದಿಲ್ಲ. ಹಳೆಯ ಪೆಟ್ಟಿಗೆ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಐದೂ ಶೀಟು ಇವೆಯೇ, ಮೇಲೆ ಪೆನ್ನಿನಲ್ಲಿ ಗೀಚಿಲ್ಲವೇ ಎಂದು ಮೊದಲು ನೋಡಿ. ದಾಳ ಕಳೆದುಹೋಗಿದ್ದರೆ ಬೆಲೆ ಇಳಿಸಿ ಕೇಳಿ, ಹೇಗೂ ಹೊಸದು ಕೊಳ್ಳಲೇಬೇಕು.